ಗಾಡಿಮನೆಯ ಎರಡು ಕಿಂಡಿ

ನನ್ನ ಮಗಳು ಲಲಿತಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಆದರೆ ಆ ಚಳಿಗಾಲ ಅವಳ ತವರಿಗೆ ಗಾಲಿಗಳಿದ್ದವು.

ಕಮತಗಿಯಲ್ಲಿ ನಮ್ಮದೊಂದು ಮನೆಯಿದೆ. ಅದರ ತುಂಬ ಮೈದುನನ ಸಂಸಾರ. ನಾನೂ ನನ್ನ ಗಂಡ ಮಾಳಿಂಗರಾಯನೂ ದೀಪಾವಳಿ ಮುಗಿಸಿ ಕುರಿಹಿಂಡಿನ ಹಿಂದೆ ಹೊರಟರೆ ಯುಗಾದಿಯವರೆಗೆ ಹೊಲದಿಂದ ಹೊಲಕ್ಕೆ. ಕೊಯ್ಲಾದ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಕೊಡುವುದು ನಮ್ಮ ಕೆಲಸ. ಮೊದಲು ಬಯಲಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದೆವು. ಹೋದ ವರ್ಷ ಒಂದು ಹಳೆಯ ಎರಡು ಗಾಲಿಯ ಟ್ರೇಲರಿನ ಮೇಲೆ ತಗಡಿನ ಕೋಣೆ ಕಟ್ಟಿಸಿದೆವು. ಒಂದು ಹೊರಸು, ಅದರ ಪಕ್ಕ ಒಬ್ಬರು ಕಾಲು ಚಾಚುವಷ್ಟು ಜಾಗ, ಒಂದು ಬಾಗಿಲು. ನಮ್ಮ ಸಣ್ಣ ಟ್ರ್ಯಾಕ್ಟರಿನ ಹಿಂದೆ ಕುಲುಕುತ್ತ ಬರುತ್ತದೆ. ನಾವು ಅದನ್ನು ಗಾಡಿಮನೆ ಎನ್ನುತ್ತೇವೆ.

ಮೊದಲ ಚಳಿಗಾಲ ಅದು ನಮ್ಮನ್ನು ಗೋಳುಹೊಯ್ದುಕೊಂಡಿತು. ಬಾಗಿಲು ಮುಚ್ಚಿದರೆ ನಮ್ಮ ಉಸಿರೇ ತಗಡಿಗೆ ಹತ್ತಿ, ಬೆಳಗಾಗುವಷ್ಟರಲ್ಲಿ ಹನಿಯಾಗಿ ಮುಖದ ಮೇಲೆ ಬೀಳುತ್ತಿತ್ತು. ಕಂಬಳಿಗೆಲ್ಲ ಒದ್ದೆ ಕುರಿಯ ವಾಸನೆ. ಬಾಗಿಲು ತೆರೆದರೆ ಹಲ್ಲು ಕಟಕಟ. ಲಲಿತಾಳಿಗೆ ದಿನ ತುಂಬುತ್ತ ಬಂದಾಗ ಗಾಡಿಯನ್ನು ಇಳಕಲ್ಲಿಗೆ ಒಯ್ದು ವೆಲ್ಡಿಂಗ್ ಮಾಡುವ ಮುನಾಫನ ಅಂಗಡಿ ಮುಂದೆ ನಿಲ್ಲಿಸಿದೆವು. ಅವನು ಒಳಗಡೆ ತಗಡಿಗೆ ಥರ್ಮಾಕೋಲ್ ಅಂಟಿಸಿ ಅದರ ಮೇಲೆ ಪ್ಲೈವುಡ್ ಹೊಡೆದ. ನೆಲದ ಹತ್ತಿರ ಒಂದು ಕಿಂಡಿ ಕೊರೆದು ಜಾಳಿಗೆ ಹಾಕಿದ. ಮಾಡಿನಲ್ಲಿ ಇನ್ನೊಂದು ಕೊರೆದು, ಗಾಳಿಗೆ ತಿರುಗುವ ತಗಡಿನ ಟೋಪಿ ಕೂರಿಸಿದ.

"ಅಕ್ಕಾರ, ಗಾಳಿ ಕೆಳಗಿಂದ ಬರಬೇಕು, ಮ್ಯಾಲಿಂದ ಹೋಗಬೇಕು. ಪೆಟಗಿಗೆ ಮೂಗು ಬ್ಯಾಡ, ಮನಿಗೆ ಬೇಕು," ಎಂದ. "ಎಷ್ಟ ಥಂಡಿ ಇದ್ರೂ ಇವೆರಡನ್ನ ಮುಚ್ಚಬ್ಯಾಡ್ರಿ. ಒಳಗ ಬೆಂಕಿಯಂತೂ ಬ್ಯಾಡೇ ಬ್ಯಾಡ. ಇದ್ದಲಿ ಇಟ್ಕೊಂಡು ಮಲಗಿದವ್ರು ಮತ್ತ ಏಳಲಿಲ್ಲ ಅನ್ನೂದು ಕೇಳೇನಿ."

ಟೋಪಿ ತಿರುಗುವಾಗ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಎಣ್ಣೆ ಬಿಟ್ಟರೂ ಚಾಳಿ ಬಿಡಲಿಲ್ಲ. ಆದರೆ ಗಾಡಿ ಬೆವರುವುದು ನಿಂತಿತು.

ಲಲಿತಾ ಬಾದಾಮಿಯ ದವಾಖಾನೆಯಲ್ಲಿ ಹೆಣ್ಣು ಹೆತ್ತಳು. ಆಗ ನಮ್ಮ ಹಿಂಡು ಬಾದಾಮಿ ಸ್ಟೇಷನ್ನಿನ ಆಚೆ, ಹುಲ್ಲಪ್ಪ ಎಂಬವರ ಗೋವಿನಜೋಳ ಕೊಯ್ದ ಹೊಲದಲ್ಲಿತ್ತು. ಕುರಿಗಳು ಈಯುವ ಕಾಲ. ನಾನು ಬಿಟ್ಟು ಹೋಗುವಂತಿರಲಿಲ್ಲ.

"ಕಮತಗಿಗೆ ಹೋಗ್ತೀಯೇನ? ಚಿಗವ್ವ ಚೊಲೋ ನೋಡ್ಕೋತಾಳ," ಎಂದೆ.

"ನೀ ಇದ್ದಲ್ಲೇ ನಾ ಇರ್ತೇನವ್ವಾ," ಎಂದಳು ಲಲಿತಾ. ನನಗೆ ಹಿಗ್ಗೂ ಆಯಿತು, ಹೆದರಿಕೆಯೂ ಆಯಿತು. ಹಸಿ ಬಾಣಂತಿ, ಬಯಲು ಹೊಲ.

ಬಾಣಂತನ ಮಾಡಲು ನನ್ನ ಅತ್ತೆ ಬೋರವ್ವ ಕಮತಗಿಯಿಂದ ಬಸ್ಸು ಹತ್ತಿ ಬಂದರು. ಗಂಟಿನಲ್ಲಿ ಬಾಣಂತಿ ಮದ್ದಿನ ಅಳವಿ, ಅಂಟು, ಬಜೆ, ಹೊಗೆ ಹಾಕಲು ಲೋಬಾನ. ಕಂಕುಳಲ್ಲಿ ಕಬ್ಬಿಣದ ಬುಟ್ಟಿ. ಆ ಬುಟ್ಟಿ ನನಗೆ ಗೊತ್ತು. ನಾನು ಲಲಿತಾಳನ್ನು ಹೆತ್ತಾಗ ಅತ್ತೆ ಅದರಲ್ಲೇ ಕೆಂಡ ತುಂಬಿ ನನ್ನ ಹೊರಸಿನ ಕೆಳಗೆ ಇಡುತ್ತಿದ್ದರು. ಆದರೆ ನಾನು ಮಲಗಿದ್ದು ದೊಡ್ಡ ಮಣ್ಣಿನ ಮನೆಯಲ್ಲಿ, ಬೆಳಕಿಂಡಿಯ ಕೆಳಗೆ.

ಅತ್ತೆ ಗಾಡಿಯೊಳಗೆ ಕಾಲಿಟ್ಟವರೇ ಸುತ್ತ ನೋಡಿದರು. "ಇದೇನ ಇದು! ಬಾಣಂತಿ ಕಾಲ ಬುಡಕ ತೂತು, ತಲಿ ಮ್ಯಾಲೂ ತೂತು. ಮನಿಯೋ ಜರಡಿಯೋ?"

"ಅತ್ತೀ, ಅವು ಇರಬೇಕ್ರಿ. ಮುನಾಫ ಹೇಳ್ಯಾನ."

"ಮುನಾಫ ಎಷ್ಟ ಹಡದಾನ?"

ಹೊರಸಿನ ಮೇಲಿದ್ದ ಲಲಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗಸಬ್ಯಾಡ ಆಯಿ, ನೋಯ್ತೈತಿ."

"ನಿಮ್ಮವ್ವ ಎರಡ ಹಡದಾಕಿ, ನಾ ಏಳ ಹಡದಾಕಿ. ನನ್ನ ಒಂದ ಕೂಸಿಗರ ಗಾಳಿ ತಾಗೈತೇನ ಕೇಳ ಆಕಿನ್ನ."

ನಾನು ಹಟ ಹಿಡಿದೆ. ಕೊನೆಗೆ ಒಪ್ಪಂದವಾಯಿತು: ತಾಯಿಗೂ ಮಗುವಿಗೂ ನೀರೆರೆದ ಮೇಲೆ ಮೈ ಕಾಯಿಸುವಷ್ಟು ಹೊತ್ತು ಮಾತ್ರ ಕೆಂಡ, ಅದೂ ಬಾಗಿಲು ತೆರೆದು. ಆಮೇಲೆ ಬುಟ್ಟಿ ಹೊರಗೆ. ನಾನು ಎದುರಿಗಿದ್ದಾಗ ಅತ್ತೆ ಹಾಗೇ ಮಾಡಿದರು. ಮರಿಗಳ ಕಡೆ ಹೋದಾಗ ಬಾಗಿಲು ಮುಚ್ಚುತ್ತಿತ್ತು, ಬುಟ್ಟಿ ಒಳಗೇ ಉಳಿಯುತ್ತಿತ್ತು. ಅದು ನನಗೆ ತಿಳಿದದ್ದು ಲಲಿತಾ ಹಣೆ ಒತ್ತಿಕೊಳ್ಳತೊಡಗಿದಾಗ.

"ತಲಿ ಸಿಡೀತೈತವ್ವಾ. ಎದ್ರ ಕಣ್ಣ ಮುಂದ ಎಲ್ಲಾ ತಿರುಗ್ತೈತಿ."

"ನೋಡಿದ್ಯಾ?" ಎಂದರು ಅತ್ತೆ ನನ್ನತ್ತ. "ನಿನ್ನ ತೂತಿನ್ಯಾಗಿಂದ ಗಾಳಿ ಹೊಕ್ಕೈತಿ." ಅವಳ ತಲೆಗೆ ಇನ್ನೊಂದು ಬಟ್ಟೆ ಬಿಗಿದರು. ಇನ್ನೊಂದಿಷ್ಟು ಕೆಂಡ ತಂದರು. ತಲೆನೋವು ಹೆಚ್ಚಿದಷ್ಟೂ ಅವರಿಗೆ ಗಾಳಿಯ ಮೇಲೆ ಸಂಶಯ, ನನಗೆ ಕೆಂಡದ ಮೇಲೆ. ಇಬ್ಬರೂ ಅದೇ ಹುಡುಗಿಗಾಗಿ ಹೆದರುತ್ತಿದ್ದೆವು.

ಕೂಸು ಹಾಲು ಕುಡಿಯುವುದು ಕಡಿಮೆ ಮಾಡಿತು. "ಎಷ್ಟ ಶಾಣೇ ಐತಿ ನೋಡ, ಅಳೂದೇ ಇಲ್ಲ," ಎಂದು ಅತ್ತೆ ಮೆಚ್ಚಿಕೊಂಡರು. ನಾನು ಹಾಲು ಕರೆಯುತ್ತ ಕರೆಯುತ್ತ ಎದ್ದು ಬಂದು ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಗಂಡನಿಗೆ ಹೇಳಿದೆ, "ಬುಟ್ಟಿ ಹೊರಗ ಹೋಗಬೇಕು. ನನ್ನ ಮಾತ ನಡೀವಲ್ದು. ನೀವ ಹೇಳ್ರಿ ನಿಮ್ಮವ್ವಗ."

"ಮುಂಜಾನೆ ಹೇಳ್ತೇನಿ," ಎಂದ ಅವನು.

ಮರುದಿನ ಮುಂಜಾನೆ ಮೋಡ ಕವಿದಿತ್ತು, ಜೊತೆಗೆ ಕೊರೆಯುವ ಗಾಳಿ. ತಾಯಿ ಮಗುವಿಗೆ ಎರೆದಾಯಿತು. ಅತ್ತೆ ಲೋಬಾನದ ಹೊಗೆ ಹಾಕುತ್ತಿದ್ದರು. ಅವರೊಡನೆ ಮಾತಾಡಲು ಗಂಡ ಗಾಡಿಯ ಕಡೆ ನಡೆದದ್ದನ್ನು ನೋಡಿ, ನಾನು ನೆಮ್ಮದಿಯಿಂದ ಬಟ್ಟೆಯ ಗಂಟು ಹೊತ್ತು ಹುಲ್ಲಪ್ಪನವರ ಬೋರ್‌ವೆಲ್ಲಿನ ಹತ್ತಿರ ಹೋದೆ. ಅದು ಹೊಲದ ಆ ತುದಿಗೆ. ಸ್ವಲ್ಪ ಹೊತ್ತಿಗೆ ಗಂಡ ಹಿಂಡು ಹೊಡೆದುಕೊಂಡು ಗುಡ್ಡದ ಕಡೆ ಹೋದ.

ಬಟ್ಟೆ ಹಿಂಡುತ್ತಿದ್ದಾಗ ಏನೋ ಇಲ್ಲ ಅನ್ನಿಸಿತು. ಗಾಳಿ ಸೆರಗನ್ನು ಕಿತ್ತೊಯ್ಯುವಂತೆ ಬೀಸುತ್ತಿತ್ತು, ಆದರೆ ಟೋಪಿಯ ಕಿರ್ರ್ ಕಿರ್ರ್ ಕೇಳಿಸುತ್ತಿಲ್ಲ. ತಲೆಯೆತ್ತಿ ನೋಡಿದೆ. ಗಾಡಿಯ ಮಾಡಿನ ಮೇಲೆ ಟೋಪಿಯ ಜಾಗದಲ್ಲಿ ಒಂದು ಕರಿಯ ಗುಪ್ಪೆ. ನಮ್ಮ ಕಂಬಳಿ, ಹಗ್ಗ ಸುತ್ತಿ ಬಿಗಿದಿತ್ತು.

ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಗೋವಿನಜೋಳದ ಕೂಳೆ ಅಂಗಾಲಿಗೆ ಚುಚ್ಚಿದ್ದು ಆಮೇಲೆ ರಕ್ತ ನೋಡಿದಾಗ ತಿಳಿಯಿತು.

"ಅತ್ತೀ! ಬಾಗಲಾ ತಗೀರಿ!"

ಒಳಗಿಂದ ಚಿಲಕ ಹಾಕಿತ್ತು. ಕೈಯಿಂದ ಬಡಿದೆ. "ಲಲಿತಾ! ಏ ಲಲಿತಾ! ಏಳವ್ವಾ!" ತಗಡು ಮಾತ್ರ ಢಣಢಣ ಎಂದಿತು. ಕೂಸೂ ಬೆಚ್ಚಿ ಅಳಲಿಲ್ಲ.

ಕೆಳಗಿನ ಕಿಂಡಿಗೆ ಬಗ್ಗಿ ಬೆರಳಿಟ್ಟೆ. ಜಾಳಿಗೆಯ ಹಿಂದೆ ಮೆತ್ತಗೆ, ಒರಟಾಗಿ ತಾಕಿತು. ಅಲ್ಲೂ ಕಂಬಳಿಯ ತುಂಡು. ಮಳೆಯನ್ನೇ ಒಳಗೆ ಬಿಡದ ನಮ್ಮ ಕಂಬಳಿ ಗಾಳಿಯನ್ನು ಬಿಡುತ್ತದೆಯೇ?

ಕುರಿಯ ಬಲೆಗೆ ಗೂಟ ನೆಡುವ ಹಾರೆ ಗಾಲಿಗೆ ಒರಗಿಸಿತ್ತು. ಎತ್ತಿಕೊಂಡೆ. ಅದನ್ನು ಬಾಗಿಲ ಸಂದಿಗೆ ತುರುಕಿ ಮೈಯ ಭಾರವನ್ನೆಲ್ಲ ಹಾಕಿದೆ. ಜಾರಿತು. ಮತ್ತೆ ತುರುಕಿದೆ. "ಯಪ್ಪಾ ಬೀರಪ್ಪಾ, ಯಪ್ಪಾ ಬೀರಪ್ಪಾ," ಎಂದು ಬಾಯಿ ತಾನೇ ಒದರುತ್ತಿತ್ತು. ಚಿಲಕ ಕಿತ್ತು ಬಾಗಿಲು ತೆರೆದುಕೊಂಡಿತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಲೋಬಾನದ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಹೊಗೆ ಕೂಡ ಇರಲಿಲ್ಲ.

ಅತ್ತೆ ಗೋಡೆಗೆ ಒರಗಿ ಕುಸಿದಿದ್ದರು. ಹೊರಸಿನ ಮೇಲೆ ಲಲಿತಾ ಮಗ್ಗುಲಾಗಿ ಮಲಗಿದ್ದಳು, ಕೆನ್ನೆ ಕೆಂಪಗೆ, ಕೂಸು ಅವಳ ತೋಳಿನೊಳಗೆ. ಇಬ್ಬರೂ ಎಂದಿಗಿಂತ ಚೆಲುವಾಗಿ ಕಾಣುತ್ತಿದ್ದರು. ಯಾರನ್ನು ಮೊದಲು? ಅವಳು ನನ್ನ ಕೂಸು, ಇದು ಅವಳ ಕೂಸು. ಕೈಗೆ ಸಿಕ್ಕದ್ದು ಚಿಕ್ಕದು. ಎತ್ತಿಕೊಂಡು ಹೊರಗೆ ಹಾರಿ, ಅದಕ್ಕೆ ಸುತ್ತಿದ್ದ ಕಂಬಳಿಯನ್ನೇ ಹಾಸಿ ನೆಲದ ಮೇಲೆ ಮಲಗಿಸಿದೆ. ಉಸಿರು ಬಿಗಿಹಿಡಿದು ಮತ್ತೆ ಒಳಗೆ ಹೋದೆ. ಲಲಿತಾಳ ಕಂಕುಳಿಗೆ ಕೈಹಾಕಿ ದರದರ ಎಳೆದೆ. ಹೊಸಿಲಿಗೆ ಅವಳ ಹಿಮ್ಮಡಿ ಬಡಿಯಿತು. ಆಮೇಲೆ ಅತ್ತೆ. ಬುಟ್ಟಿಗೆ ಒದ್ದೆ, ಕೆಂಡ ಹೊಲದ ತುಂಬ ಚೆಲ್ಲಿತು.

ಗಾಳಿ ತಾಗುತ್ತಲೇ ಲಲಿತಾ ನರಳಿದಳು, ವಾಂತಿ ಮಾಡಿಕೊಂಡಳು. ಅವಳನ್ನು ಮಗ್ಗುಲಿಗೆ ಹೊರಳಿಸಿ ಕೂಸಿನ ಕಡೆ ತಿರುಗಿದೆ. ಅದು ಅಲುಗಲಿಲ್ಲ. ತುಟಿ ಸ್ವಲ್ಪ ತೆರೆದಿತ್ತು.

ಹುಟ್ಟಿದ ಮರಿ ಉಸಿರಾಡದಿದ್ದರೆ ನಾವು ಮಾಡುವುದು ಒಂದೇ. ನನ್ನ ಕೈಗೆ ಅದು ಗೊತ್ತಿತ್ತು, ತಲೆಗೆ ಆಗ ಬೇರೇನೂ ಗೊತ್ತಿರಲಿಲ್ಲ. ಕಂಬಳಿಯ ಅಂಚಿನಿಂದ ಅದರ ಬೆನ್ನು ತಿಕ್ಕಿದೆ. ಬಾಯಿ ಮೂಗಿನ ಮೇಲೆ ಬಾಯಿಟ್ಟು ಮೆಲ್ಲಗೆ ಊದಿದೆ. ಮತ್ತೆ ತಿಕ್ಕಿದೆ, ಮತ್ತೆ ಊದಿದೆ. ಒಂದು ಹುಲ್ಲಿನ ಎಸಳು ಕಿತ್ತು ಮೂಗಿನ ಹೊಳ್ಳೆಗೆ ತಾಕಿಸಿದೆ.

"ಸೀನ. ಸೀನ ನನ್ನವ್ವಾ. ನಿನ್ನ ಕಾಲಿಗಿ ಬೀಳ್ತೇನಿ, ಒಮ್ಮಿ ಸೀನ."

ಸೀನಿತು. ಬೆಕ್ಕಿನ ಮರಿಯಷ್ಟು ಸಣ್ಣ ಸೀನು. ಆಮೇಲೆ ಒಂದು ಅಳು, ಒಡಕು ದನಿಯಲ್ಲಿ, ನಡುನಡುವೆ ನಿಂತು. ಅದು ನಿಂತಾಗಲೆಲ್ಲ ಮತ್ತೆ ಬೆನ್ನು ತಿಕ್ಕುತ್ತಿದ್ದೆ.

ನನ್ನ ಕೂಗು ಕೇಳಿ ಹುಲ್ಲಪ್ಪನವರು ತಮ್ಮ ಮೂರು ಗಾಲಿಯ ಟಂಟಂ ಗಾಡಿ ತಂದಿದ್ದರು. ಮೂವರನ್ನೂ ಅದರಲ್ಲಿ ಹಾಕಿಕೊಂಡು ಬಾದಾಮಿ ದವಾಖಾನೆ ಮುಟ್ಟಿದೆವು. ಆಕ್ಸಿಜನ್ ಹಚ್ಚಿ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಬಾಗಲಕೋಟೆಗೆ. ದಾರಿಯುದ್ದಕ್ಕೂ ಕೂಸಿನ ಆ ಪುಟ್ಟ ಎದೆ ಏಳುವುದನ್ನು, ಇಳಿಯುವುದನ್ನು ನೋಡುತ್ತ ಕೂತೆ. ರೆಪ್ಪೆ ಬಡಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಕಣ್ಣು ಉರಿಯುವವರೆಗೆ ನೋಡಿದೆ.

"ಮುಚ್ಚಿದ ಜಾಗದಲ್ಲಿ ಕೆಂಡ ಇಟ್ಟರೆ ವಿಷದ ಗಾಳಿ ತುಂಬ್ತದ," ಎಂದರು ಡಾಕ್ಟರ್ ಮೇಡಂ. "ವಾಸನಿ ಇರೂದಿಲ್ಲ, ಕಣ್ಣಿಗೆ ಕಾಣೂದಿಲ್ಲ. ನಿದ್ದಿ ಬಂದಂಗ ಬರ್ತದ. ತಲಿನೋವು ಅಂದಾಗಲೇ ಕರಕೊಂಡು ಬರಬೇಕಿತ್ತು."

ಗುಡ್ಡದಿಂದ ಸುದ್ದಿ ಕೇಳಿ ಓಡಿ ಬಂದ ಗಂಡ ವಾರ್ಡಿನ ಗೋಡೆಗೆ ತಲೆ ಆನಿಸಿ ನಿಂತಿದ್ದ. "ಬುಟ್ಟಿ ಮಾತ ಆಡಾಕ ಹೋಗಿದ್ದೆ. ಟೋಪಿ ಸಪ್ಪಳಕ್ಕ ಕೂಸು ಬೆಚ್ಚತೈತಿ, ಮೊದಲ ಅದನ್ನ ಕಟ್ಟು, ಬುಟ್ಟಿ ಆಮ್ಯಾಲ ತಗೀತೇನಿ ಅಂದ್ಲು ಅವ್ವ. ಕಟ್ಟಿದೆ. ನನ್ನ ಕೈಯಾರೆ ಕಟ್ಟಿದೆ, ಮಾದೇವಿ."

ಅತ್ತೆಗೆ ಎಚ್ಚರವಾದದ್ದು ಎಲ್ಲರಿಗಿಂತ ಕೊನೆಗೆ. ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಕೂಸು ಅಳತೈತೇನ?" ಎಂದು. ಪಕ್ಕದ ಕೋಣೆಯಿಂದ ಅಳು ಕೇಳಿಸಿದ ಮೇಲೆ ಮುಖ ಮುಚ್ಚಿಕೊಂಡರು.

ಡಾಕ್ಟರ್ ಮನೆಗೆ ಕಳಿಸಿದಾಗ ಲಲಿತಾ ಮತ್ತೆ ಗಾಡಿಮನೆಗೇ ಬಂದಳು. ಅತ್ತೆ ಮಾತ್ರ ಒಳಗೆ ಹೆಜ್ಜೆ ಇಡಲೊಲ್ಲರು. ಹೊರಗೆ ಒಲೆಯ ಹತ್ತಿರವೇ ಕೂತರು. ಆಮೇಲೆ ಮಗನನ್ನು ಕರೆದು, "ಇಳಕಲ್ಲಿಗಿ ಹೋಗು. ಪಾಲಿಶ್ ಮಾಡೋರು ಒಗದ ಗ್ರಾನೈಟ್ ತುಂಡು ಬಿದ್ದಿರ್ತಾವ, ದಪ್ಪನ್ನವು ತಗೊಂಡ ಬಾ," ಎಂದರು.

ಕಲ್ಲು ಬಂದವು. ಅತ್ತೆ ಅವನ್ನು ಹೊರಗಿನ ಒಲೆಯ ಪಕ್ಕ ನಿಧಾನ ಕಾಯಿಸಿ, ಅದೇ ಕಬ್ಬಿಣದ ಬುಟ್ಟಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ನಾನು ಹೊರಸಿನ ಕೆಳಗೆ ಸರಿಸಿದೆ. ಗಾಡಿ ಬೆಚ್ಚಗಾಯಿತು. ಕೆಳಗಿನ ಕಿಂಡಿಯಿಂದ ಸಣ್ಣಗೆ ತಂಪು ಬರುತ್ತಿತ್ತು, ಮೇಲೆ ಟೋಪಿ ಕಿರ್ರ್ ಎನ್ನುತ್ತಿತ್ತು.

"ಮಳ್ಯಾಗ ಹುಟ್ಟಿದ ಮರಿಗಳಿಗೆಲ್ಲಾ ಹಿಂಗ ಕಲ್ಲ ಕಾಸಿ ಇಡ್ತಿದ್ದೆ," ಎಂದರು ಅತ್ತೆ, ನನ್ನ ಮುಖ ನೋಡದೆ. "ಮರಿಗಿ ಕಲ್ಲಿಟ್ಟು, ಮೊಮ್ಮಗಳಿಗಿ ಕೆಂಡ ಇಟ್ಟೆ."

ನಾನು ಅವರ ಕೈ ಹಿಡಿದುಕೊಂಡೆ. ಸಿಟ್ಟು ಬರಬೇಕಿತ್ತು. ಆದರೆ ಬರಲಿಲ್ಲ.

ಈಗಲೂ ಮರಿಗಳಿಗೆ ಸೊಪ್ಪು ಹಾಕುತ್ತಿರುವಾಗ ಗಾಡಿಯ ಕಡೆಯಿಂದ ಸದ್ದಿಲ್ಲವೆಂದರೆ ಕೈಯಲ್ಲಿದ್ದದ್ದನ್ನು ಎಸೆದು ಹೋಗುತ್ತೇನೆ. ಇಂದು ಮಧ್ಯಾಹ್ನವೂ ಹಾಗೇ. ಕೂಸು ಮಲಗಿತ್ತು, ಬಹಳ ಶಾಂತವಾಗಿ. ನನ್ನಿಂದ ತಡೆಯಲಾಗಲಿಲ್ಲ. ಅದರ ಅಂಗಾಲನ್ನು ಉಗುರಿನಿಂದ ಗೀರಿದೆ. ಗಾಡಿ ಹಾರಿಹೋಗುವಂತೆ ಕಿರುಚಿಕೊಂಡಿತು.

"ಅವ್ವಾ! ಈಗ ಮಲಗಿಸಿದ್ನಿ," ಎಂದು ಲಲಿತಾ ರೇಗಿದಳು.

ಹೊರಗೆ ಕೆಳಗಿನ ಕಿಂಡಿಯ ಹತ್ತಿರ, ಗಾಳಿ ಒಳಗೆ ಹೋಗುತ್ತಿದೆಯೇ ಎಂದು ಜಾಳಿಗೆಗೆ ಅಂಗೈ ಹಿಡಿದು ಕೂತಿದ್ದ ಅತ್ತೆಯ ದನಿ ಬಂತು.

"ಇರ್ಲಿ ಬಿಡಬೇ. ಇನ್ನೊಂದೀಟ ಅಳ್ಲಿ."