ಸಾಲು ಬಿಟ್ಟವನು

ಗುರಾಣಿ ಹೊತ್ತು ಓಡುವ ಪಂದ್ಯದಲ್ಲಿ ನನ್ನ ತಮ್ಮ ಫಾನೋಸ್ ಇಡೀ ಅಥೆನ್ಸಿಗೇ ಮೊದಲಿಗ. ಗೆದ್ದ ಜಂಬ ಅವನ ಮುಖದಿಂದ ಇಳಿದದ್ದೇ ಇಲ್ಲ. ನಾವು ಮ್ಯಾರಥಾನ್ ಬಯಲಿಗೆ ಯುದ್ಧಕ್ಕೆ ಹೊರಟ ದಿನ ಅಮ್ಮ ಅವನನ್ನು ಬಿಟ್ಟು ನನ್ನ ಕೈ ಹಿಡಿದಳು.

"ಅವನಿಗೆ ಕಾಲಷ್ಟೇ ಇರೋದು ಕಣೋ, ತಲೆ ಇಲ್ಲ. ನೀನು ಅವನ ಬಲಗಡೇನೇ ನಿಂತ್ಕೋ."

ಗುರಾಣಿ ಇರುವುದು ಎಡಗೈಯಲ್ಲಿ. ಅದರಲ್ಲಿ ಅರ್ಧ ನನಗೆ, ಇನ್ನರ್ಧ ಎಡಗಡೆ ನಿಂತವನ ಬಲ ಪಕ್ಕೆಗೆ. ಹೆಗಲಿಗೆ ಹೆಗಲು ತಾಗಿರುವವರೆಗೆ ಮಾತ್ರ ಈ ಕಾವಲು.

ಪರ್ಷಿಯದವರ ಬಾಣಗಳನ್ನು ದಾಟಲು ಓಡಿ ಎಂದು ಅಪ್ಪಣೆಯಾಯಿತು. ಮೈಮೇಲೆ ಕಂಚು ಹೊತ್ತು ಯುದ್ಧಕ್ಕೆ ಓಡುವುದು! ಪಂದ್ಯದಲ್ಲಿ ಬಿಟ್ಟರೆ ಹಾಗೆ ಓಡಿದವರನ್ನು ನಾವು ಕಂಡಿರಲಿಲ್ಲ.

"ಮೆಲ್ಲಗೆ ಕಣೋ! ಸಾಲು ಬಿಡಬೇಡ!" ಎಂದೆ.

"ನೀನೇ ಬೇಗ ಬಾರಣ್ಣ, ಒಳ್ಳೆ ಮುದುಕಿ ಥರ ಓಡ್ತೀಯಲ್ಲ!"

ಅವನ ಕಾಲುಗಳಿಗೆ ಪಂದ್ಯ ನೆನಪಾಗಿತ್ತು. ಎರಡು ಮಾರು ಮುಂದೆ ಹೋದ, ಆಮೇಲೆ ಇನ್ನೂ ಮುಂದೆ. ನನ್ನ ಗುರಾಣಿಯ ಆ ಅರ್ಧ ಬರೀ ಗಾಳಿಯನ್ನು ಕಾಯುತ್ತಿತ್ತು.

ಶತ್ರುವಿನ ಗುರಾಣಿಗಳ ಗೋಡೆಗೆ ಮೊದಲು ಬಡಿದವನು ಅವನೇ. ಒಬ್ಬನ ಗಂಟಲಿಗೆ ಈಟಿ ಇಳಿಸಿದ. ಅದನ್ನು ಕೀಳಲು ಕೈ ಎತ್ತಿದ್ದಷ್ಟೆ, ಬಲಗಡೆಯಿಂದ ಬಂದ ಈಟಿ ಅವನ ಕಂಕುಳಿಗೆ ಹೊಕ್ಕಿತು. ಚುಚ್ಚಿದವನ ಮುಖವನ್ನು ಗುರಾಣಿಯ ಅಂಚಿನಿಂದ ಜಜ್ಜಿದೆ. ಹಲ್ಲು ಉದುರಿ, ಮೂಗು ಒಳಗೆ ಹೋಗಿ, ಮುಖವೇ ಇಲ್ಲವಾದ ಮೇಲೂ ಜಜ್ಜಿದೆ. ಹಿಂದಿನಿಂದ ನಮ್ಮವರು ನೂಕುತ್ತಿದ್ದರು. ತಮ್ಮನನ್ನು ತುಳಿಯದೆ ಮುಂದೆ ಹೋಗಲು ಜಾಗವಿರಲಿಲ್ಲ. ತುಳಿದೆ. ಸಮುದ್ರದ ಪಕ್ಕದ ಜೌಗಿನಲ್ಲಿ ಹೂತುಕೊಂಡವರನ್ನು ಮೀನು ಕೊಚ್ಚಿದ ಹಾಗೆ ಕೊಚ್ಚಿದೆವು. ನನಗೆ ಸಾಕೆನಿಸಲಿಲ್ಲ.

ಹಿಂತಿರುಗಿದಾಗ ತಮ್ಮನಿಗೆ ಇನ್ನೂ ಉಸಿರಿತ್ತು.

"ಮೊದಲು ಮುಟ್ಟಿದ್ದು... ಯಾರಣ್ಣ?"

"ನೀನೇ ಕಣೋ, ಹಾಳಾದವನೇ."

ರಕ್ತ ತುಂಬಿದ ಬಾಯಲ್ಲೇ ನಕ್ಕು ಸತ್ತ.

ಅಳಲೂ ಹೊತ್ತಿರಲಿಲ್ಲ. ಶತ್ರುವಿನ ಹಡಗುಗಳು ಸಮುದ್ರದಲ್ಲಿ ಸುತ್ತುಬಳಸಿ, ಕಾವಲಿಲ್ಲದ ನಮ್ಮ ಊರಿಗೆ ಹೊರಟಿದ್ದವು. ಸೈನ್ಯಕ್ಕೆ ಸೈನ್ಯವೇ ಗುಡ್ಡ ದಾಟಿ ಊರಿಗೆ ಓಡಿತು. ನಮ್ಮನ್ನು ಕಂಡು ಹಡಗುಗಳು ತಿರುಗಿಹೋದವು. ಊರು ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಎಡಗಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಈಗಿನವರು ಹೇಳುವುದೇ ಬೇರೆ. ಯಾರೋ ಒಬ್ಬ ಓಡಿಬಂದು, ಗೆದ್ದೆವೆಂದು ಕೂಗಿ ಸತ್ತನಂತೆ. ತಾವೂ ಅವನ ಹಾಗೆ ಓಡಬೇಕಂತೆ. ಒಬ್ಬನೇ ಅಂತೆ! ಓಡಿದ್ದು ಇಡೀ ಸೈನ್ಯ.

ಆದರೂ ಹಬ್ಬದ ಪಂದ್ಯ ನೋಡಲು ಹೋಗುತ್ತೇನೆ. ಗುರಾಣಿ ಹೊತ್ತವರಲ್ಲಿ ಒಬ್ಬ ಮುಂದೆ ಚಿಮ್ಮಿದರೆ ಜನ ಕುಣಿಯುತ್ತಾರೆ. ನಾನೊಬ್ಬ ಎದ್ದು ನಿಂತು ಗಂಟಲು ಹರಿಯುವಂತೆ ಕೂಗುತ್ತೇನೆ:

"ಹಿಂದೆ ಬಾರೋ! ಸಾಲಿಗೆ ಬಾರೋ!"

"ಕೂತ್ಕೋ ತಾತ, ಇದು ಪಂದ್ಯ" ಎಂದು ಪಕ್ಕದವರು ನಗುತ್ತಾರೆ.

ಅವನು ಓಟದ ತಿರುವಿನ ಕಂಬ ಸುತ್ತಿ ಜೀವಂತ ತಿರುಗಿ ಬರುವವರೆಗೆ ನಾನು ಕೂರುವುದಿಲ್ಲ.