ಷಡ್ಡಕನ ಕೌಂಟರು

“ನಿಂದೇ ಅಂತ ಒಂದು ಜಾಗ ಆಗುತ್ತಲ್ಲ, ಅಲ್ಲಿನ ಕೌಂಟರು ನಾನೇ ಮಾಡ್ಕೊಡೋದು. ಬೇರೆಯವರ ಉಳಿ ಅದಕ್ಕೆ ತಾಗಕೂಡದು. ಇದು ನನ್ನ ಮಾತು.”

ಬಡಗಿ ತನ್ನ ಷಡ್ಡಕನ ಕೈ ಹಿಡಿದು ಹೀಗೆ ಹೇಳಿದ್ದು ಆ ಷಡ್ಡಕನ ಮದುವೆಯ ದಿನ. ಅತ್ತೆಯ ಮನೆಯ ಹಿರಿಮಗಳು ಬಡಗಿಯ ಹೆಂಡತಿ. ಕಿರಿಯವಳನ್ನು ಕಟ್ಟಿಕೊಂಡ ಈ ಹುಡುಗ ಆಗಿನ್ನೂ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುತ್ತಿದ್ದ. ಗ್ಲಾಸು ತೊಳೆಯುವವನಿಗೆ ಇಂಥ ಮಾತು ಕೊಡುವುದರಲ್ಲಿ ಕಷ್ಟವೇನಿದೆ? ತೀರಿಸುವ ದಿನ ಬಂದರೆ ತಾನೇ!

ಹುಡುಗ ಚುರುಕಾಗಿದ್ದ. ಗ್ಲಾಸು ತೊಳೆಯುತ್ತಿದ್ದವನು ಗ್ಲಾಸು ತುಂಬುವವನಾದ. ಕಲ್ಲಂಗಡಿ ರಸಕ್ಕೆ ಪುದೀನ ಜಜ್ಜಿ ಜಿನ್ ಬೆರೆಸಿದ. ನಿಂಬೆ, ಶುಂಠಿಗೆ ರಮ್ ಸೇರಿಸಿ ಐಸಿನ ಜೊತೆ ಡಬ್ಬಿಯಲ್ಲಿ ಹಾಕಿ ಕುಲುಕಿದ. ಸೌತೆಕಾಯಿಯನ್ನು ರಿಬ್ಬನ್ನಿನ ಹಾಗೆ ಸೀಳಿ ಗ್ಲಾಸಿನೊಳಗೆ ಸುತ್ತಿದ. ಅತ್ತೆ ಅವನಿಗೆ ‘ಶರಬತ್ತು’ ಎಂದು ಅಡ್ಡಹೆಸರಿಟ್ಟರು. ಬೇಸಿಗೆ ಬಂತೆಂದರೆ ಭಾನುವಾರದ ಸಂಜೆ ಅತ್ತೆಯ ಮನೆಯ ಹಿತ್ತಲಲ್ಲಿ ನೆಂಟರು, ನೆರೆಯವರು ಎಲ್ಲ ಶರಬತ್ತಿನ ಸುತ್ತ ನೆರೆಯುತ್ತಿದ್ದರು.

ಆ ಹಿತ್ತಲಲ್ಲಿ ಬಡಗಿಯ ಕೈ ತಾಗದ ಮರದ ಚೂರೂ ಇರಲಿಲ್ಲ. ಬಿರುಕುಬಿಟ್ಟ ಬಾಗಿಲು ಉದ್ದದ ಮೇಜಾಗಿತ್ತು. ಗುಜರಿಗೆ ಹೊರಟಿದ್ದ ಮಂಚದ ತಲೆಭಾಗ ಬೆಂಚಿನ ಒರಗಾಗಿತ್ತು. ವಾರವಿಡೀ ಅಂಗಡಿಯಲ್ಲಿ ಮೈ ಮುರಿದು, ಮಕ್ಕಳ ಜಗಳ ಬಿಡಿಸಿ, ಲೆಕ್ಕ ಹೇಳಿಕೊಟ್ಟು ಉಳಿದ ಚೂರುಪಾರು ಹೊತ್ತಿನಲ್ಲಿ ಇವನ್ನೆಲ್ಲ ಕೀಸಿ, ಉಜ್ಜಿ, ಜೋಡಿಸಿದವನು ಅವನು. ಜನ ಬರುತ್ತಿದ್ದರು, ಅವುಗಳ ಮೇಲೆ ಆರಾಮವಾಗಿ ಕೂರುತ್ತಿದ್ದರು, ಶರಬತ್ತನ್ನು ಹೊಗಳುತ್ತಿದ್ದರು. ಕೆಸರಾದ ಕೈ ತನ್ನದು, ಮೊಸರು ಕಂಡ ಬಾಯಿ ಅವನದು.

“ನನ್ನ ಕಿರಿಯಳಿಯನ ಕೈಲಿ ಅದೇನೋ ಇದೆ ಕಣ್ರೀ,” ಎಂದು ಅತ್ತೆ ಪಕ್ಕದ ಮನೆಯಾಕೆಗೆ ಹೇಳುವರು. “ಬರೀ ನೀರು ಕೊಟ್ರೂ ರುಚಿ.”

“ಅವನು ಬರೀ ನೀರು ಯಾವತ್ತು ಕೊಟ್ಟಿದಾನೆ ಅತ್ತೆ?” ಎಂದು ಬಡಗಿ ಕುಟುಕಿದರೆ ಎಲ್ಲರೂ ಗೊಳ್ಳೆಂದು ನಕ್ಕು, ಇನ್ನೊಂದು ಗ್ಲಾಸಿಗೆ ಶರಬತ್ತಿನ ಕಡೆ ಕೈಚಾಚುವರು. ಬಡಗಿಯ ಸ್ವಂತ ಮಗಳೇ “ಚಿಕ್ಕಪ್ಪಾ, ನಂಗೂ ಬಣ್ಣದ್ದು!” ಎಂದು ಓಡಿ, ಅವನು ಕೊಟ್ಟ ಹಣ್ಣಿನ ರಸ ಹೀರಿ, ಅಂಟುಕೈಯನ್ನು ಅಪ್ಪ ಮಾಡಿದ ಸ್ಟೂಲಿಗೆ ಒರೆಸುವಳು. ಬಡಗಿ ಆ ಅಂಟನ್ನು ಒದ್ದೆಬಟ್ಟೆಯಲ್ಲಿ ಉಜ್ಜಿ ತೆಗೆಯುವನು. ಶರಬತ್ತು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬಾಯಿತುಂಬ ಬೈದು ಹಗುರಾಗಬಹುದಿತ್ತು.

ಈ ಬೇಸಿಗೆಯಲ್ಲಿ ಶರಬತ್ತು ಒಂದು ದಿನ ಬಡಗಿಯ ಅಂಗಡಿಗೇ ಬಂದ. ಮುಖದ ಮೇಲೆ ಬೆಳಕಿತ್ತು.

“ಭಾವ, ನಮ್ಮ ಯಜಮಾನರು ಹೋಟೆಲಿನ ಹಿಂದಿನ ತೋಟ ನನಗೆ ಬಿಟ್ಟುಕೊಡ್ತಾರಂತೆ. ಅಲ್ಲಿ ಬಾರು ನಾನೇ ನಡೆಸ್ಬೇಕು, ನನ್ನದೇ ಜಾಗ. ಅದಕ್ಕೆ ಮುಂಚೆ ನಾನು ಹೇಗೆ ನಡೆಸ್ತೀನಿ ಅಂತ ಒಂದ್ಸಲ ನೋಡ್ಬೇಕಂತೆ. ಈ ಭಾನುವಾರ ಹಿತ್ತಲಿಗೆ ಬರ್ತಾರೆ. ಮದುವೆ ದಿನ ನೀವು ಹೇಳಿದ ಮಾತು ನೆನಪಿದೆ ತಾನೇ?”

“ನೆನಪಿಲ್ದೆ ಏನು.” ಬಡಗಿ ತಲೆ ಎತ್ತಲಿಲ್ಲ.

“ಅತ್ತೆ ಮನೆ ಹಳೇ ಮರದ ಬೀರು ಇದೆಯಲ್ಲ, ಅದರಲ್ಲೇ ಮಾಡಿ. ಭಾನುವಾರ ಹಿತ್ತಲಲ್ಲಿರಲಿ, ಒಪ್ಪಿದ್ರೆ ಅದನ್ನೇ ತೋಟಕ್ಕೆ ಸಾಗಿಸೋಣ.”

ಬಡಗಿ ಬೀರುವನ್ನು ಅಡ್ಡ ಮಲಗಿಸಿದ. ಬಟ್ಟೆ ಮಡಿಸಿಡುತ್ತಿದ್ದ ಖಾನೆಗಳು ಬಾಟಲಿಯ ಗೂಡುಗಳಾದವು. ಡ್ರಾಯರಿನೊಳಗೆ ತಗಡು ಹೊದಿಸಿ ಐಸಿನ ತೊಟ್ಟಿ ಮಾಡಿದ. ಎರಡು ಬಾಗಿಲುಗಳನ್ನು ಕಳಚಿ ಕೂಡಿಸಿದರೆ ಮೇಲ್ಹಲಗೆಯಾಯಿತು. ಉಪ್ಪುಕಾಗದ ಹಾಕಿ ಉಜ್ಜಿದಂತೆ ಹಳೆಯ ಬಣ್ಣದಡಿಯಿಂದ ಜೇನಿನ ಬಣ್ಣದ ಎಳೆಗಳು ಮೂಡಿ ಬಂದವು. ಅದನ್ನು ಕಂಡ ಮೇಲೆಯೇ ಅವನ ತಲೆ ಕೆಟ್ಟಿತು.

ಕೌಂಟರಿಗೆ ಬಳಿಯಬೇಕಾದದ್ದು ನೀರಿಗೂ ಮದ್ಯಕ್ಕೂ ಜಗ್ಗದ ವಾರ್ನಿಶ್. ಅದು ಮಂದ, ಚೆಲುವನ್ನು ಅರ್ಧ ನುಂಗಿಬಿಡುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿ ಉಂಡೆಯಲ್ಲಿ ಅದ್ದಿ ಉಜ್ಜುವ ಪಾಲಿಶ್ ಹಾಗಲ್ಲ. ಮರ ಕನ್ನಡಿಯಾಗುತ್ತದೆ. ಆದರೆ ಸ್ಪಿರಿಟ್ಟಿನಲ್ಲಿ ಕರಗಿದ ಅರಗು ಮದ್ಯದ ಹನಿಗೂ ಮತ್ತೆ ಕರಗುತ್ತದೆ. ಇದು ಕಸುಬಿನ ಅ ಆ ಇ ಈ.

ಅರಗಿನ ಡಬ್ಬಿ ತೆರೆದಿದ್ದನ್ನು ಹೆಂಡತಿ ನೋಡಿದಳು. “ಮೇಲ್ಹಲಗೆಗೆ ವಾರ್ನಿಶ್ ಅಲ್ವೇನ್ರೀ?”

“ನಂಗೇ ಕಸುಬು ಕಲಿಸ್ತೀಯಾ?”

“ಕಲಿಸೋಕೆ ನಾನ್ಯಾರಪ್ಪ! ಪಾಲಿಶ್ ಮಾಡಿದ್ರ ಮೇಲೆ ಟೀ ಲೋಟ ಇಟ್ರೂ ಮನೆ ಹಾರಿಹೋಗೋ ಹಾಗೆ ಕೂಗಾಡೋರು ನೀವು.”

ಅವನು ಉಜ್ಜಿದ. ಒಂದು ಸಲವಾದರೂ ಜನ ಗ್ಲಾಸಿನಿಂದ ಕಣ್ಣು ಕಿತ್ತು ಮರವನ್ನು ನೋಡಲಿ. ಶರಬತ್ತಿಗೆ ಬಟ್ಟೆ ಹಾಸಿಕೋ, ಹನಿ ಬೀಳಿಸಬೇಡ ಎಂದು ಹೇಳಿದರಾಯಿತು ಎಂದುಕೊಂಡ. ಹೇಳಲಿಲ್ಲ. ಬಟ್ಟೆ ಹಾಸಿದರೆ ಹೊಳಪು ಕಾಣುವುದೆಲ್ಲಿ?

ಭಾನುವಾರ ಇಳಿಬಿಸಿಲು ಮೇಲ್ಹಲಗೆಯ ಮೇಲೆ ಬಿದ್ದಾಗ ಹಿತ್ತಲಿಗೆ ಬಂದವರೆಲ್ಲ ಅಲ್ಲೇ ನಿಂತರು. ಅತ್ತೆ ಕೆನ್ನೆಗೆ ಕೈಯಿಟ್ಟು, “ಅಯ್ಯೋ, ಇದು ನನ್ನ ಬೀರುನಾ?” ಎಂದರು. ಬಿಳಿ ಅಂಗಿ ತೊಟ್ಟು ಬಂದ ಹೋಟೆಲಿನ ಯಜಮಾನರು ಹಲಗೆ ಸವರಿ ಕೇಳಿದರು, “ಯಾರ್ರೀ ಇದನ್ನ ಮಾಡಿದ್ದು?”

“ನಮ್ಮ ಭಾವ ಸಾರ್!” ಶರಬತ್ತು ತನ್ನದೇ ಸಾಧನೆಯೆಂಬಂತೆ ಕೂಗಿದ. “ಇಡೀ ಹಿತ್ತಲೇ ಅವರದ್ದು. ಆ ಮೇಜು, ಬೆಂಚೂ.”

ಬಡಗಿಯ ಎದೆ ಉಬ್ಬಿತು. ಈ ಮಾತನ್ನು ಕೇಳಲು ಎಷ್ಟು ಬೇಸಿಗೆ ಕಾದಿದ್ದ! ಆದರೂ ಒಳಗೊಂದು ಮುಳ್ಳು: ಈ ಹೊಗಳಿಕೆಯೂ ಅವನ ಬಾಯಿಂದಲೇ ಬರಬೇಕೇ?

ಶರಬತ್ತು ಕುಲುಕಿದ, ಸುರಿದ, ಗ್ಲಾಸು ಸರಿಸಿದ. ಅಂಚಿನಿಂದ ಹನಿಗಳು ಇಳಿದವು. ಯಜಮಾನರು ಮೊಣಕೈ ಊರಿ ಮಾತಾಡುತ್ತ ಗ್ಲಾಸು ಎತ್ತಹೋದರು, ಅದು ಏಳಲಿಲ್ಲ. ಜಗ್ಗಿದಾಗ ಅಡಿಯಲ್ಲಿ ಕಂದು ಲೋಳೆ ಎಳೆ ಎಳೆಯಾಗಿ ಎದ್ದುಬಂತು. ಊರಿದ್ದ ತೋಳು ಎತ್ತಿದರೆ, ಬಿಳಿ ಅಂಗಿಗೆ ಅಂಗೈ ಅಗಲದ ಕಲೆ.

ಶರಬತ್ತು ಬೆರಳಲ್ಲಿ ಆ ಲೋಳೆ ಮುಟ್ಟಿ ಮೂಸಿದ. ದಿನವೂ ಮೂಗಿನಿಂದಲೇ ಕೆಲಸ ಮಾಡುವವನು. ಮದ್ಯಕ್ಕೆ ಅರಗು ಕರಗಿದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಡಗಿಯನ್ನು ಒಮ್ಮೆ ನೋಡಿದ. ಬಡಗಿ ಅವನ ಬಾಯಿಯನ್ನೇ ನೋಡುತ್ತ ನಿಂತ.

“ತಪ್ಪು ನಂದೇ ಸಾರ್,” ಎಂದ ಶರಬತ್ತು. “ಇನ್ನೂ ಒಣಗ್ಬೇಕು ಅಂತ ಭಾವ ಬಡ್ಕೊಂಡ್ರು. ನಾನೇ ಅವಸರ ಮಾಡಿ ಎತ್ತಿಸ್ಕೊಂಡು ಬಂದೆ. ಅಂಗಿ ನಾಳೆ ಹೊಸದು ಬರುತ್ತೆ. ಈಗ ಇನ್ನೊಂದು ಕೊಡ್ತೀನಿ, ಇದು ನಾಲಿಗೆಗೆ ಮಾತ್ರ ಅಂಟುತ್ತೆ!” ಎಂದು ನಗಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಟವೆಲು ಹಾಸಿ, ಬಾಟಲಿಗಳನ್ನು ಅಲ್ಲಿಗೆ ಸಾಗಿಸಿ, ಏನೂ ಆಗಿಲ್ಲವೆಂಬಂತೆ ಕುಲುಕತೊಡಗಿದ. ಯಜಮಾನರು ಅಂಗಿಯ ತೋಳು ಮಡಚಿಕೊಂಡು ನಕ್ಕರು. ಹೊರಡುವಾಗ, “ಒಗೆಯೋ ಕಲ್ಲಿನ ಮೇಲೂ ಅಂಗಡಿ ನಡೆಸೋನು ನೀನು. ತೋಟ ನಿಂದೇ ಹೋಗು,” ಎಂದರು.

ಅತ್ತೆ ಕಿರಿಯಳಿಯನ ದೃಷ್ಟಿ ತೆಗೆಯುವುದೊಂದು ಬಾಕಿ. ಅವನೇನಾದರೂ ಎಲ್ಲರೆದುರು ಉಗಿದಿದ್ದರೆ ಬಡಗಿ ತಡೆದುಕೊಳ್ಳುತ್ತಿದ್ದ. ಕಾಪಾಡಿದ್ದನ್ನು ತಡೆದುಕೊಳ್ಳುವುದು ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಇಬ್ಬರೂ ಕೌಂಟರನ್ನು ಗೋಡೆಯ ಬದಿಗೆ ಎತ್ತಿಟ್ಟರು.

“ಕರಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ ಭಾವ?”

“ಗೊತ್ತಿತ್ತು.”

“ಮತ್ತೆ?”

“ಹೊಳೀಲಿ ಅಂತ.” ಬಡಗಿ ಕೈಯ ಅಂಟನ್ನು ಪಂಚೆಗೆ ಒರೆಸಿದ. “ನಿನ್ನ ಗ್ಲಾಸಿಗಿಂತ ಜಾಸ್ತಿ ಹೊಳೀಲಿ ಅಂತ.”

ಶರಬತ್ತು ಹಲಗೆಯ ಕಂದು ಕಲೆಯನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ, “ಹೋಗ್ಲಿ ಬಿಡಿ. ಮೇಲಿಂದು ಕೆರೆದು ವಾರ್ನಿಶ್ ಬಳಿದುಬಿಡಿ. ತೋಟಕ್ಕೆ ಇದೇ ಬರ್ಬೇಕು. ನೀವು ಕೊಟ್ಟ ಮಾತಲ್ವಾ?” ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಒಂದಿಷ್ಟು ಕೊಂಕಿದ್ದಿದ್ದರೆ ಬಡಗಿ ಹೂಂ ಅನ್ನುತ್ತಿದ್ದನೋ ಏನೋ.

“ಅಂಗಡೀಲಿ ಕೈತುಂಬ ಕೆಲ್ಸ ಇದೆ,” ಎಂದ. “ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೋ.”

“ಭಾವ...”

“ಮಾಡಿಸ್ಕೋ ಅಂದ್ನಲ್ಲ.”

ಬೇಸಿಗೆ ಮುಗಿಯುವ ಮೊದಲೇ ತೋಟ ತೆರೆಯಿತು. ಅಲ್ಲಿನ ಕೌಂಟರನ್ನು ಇನ್ನೊಬ್ಬ ಬಡಗಿ ಮಾಡಿದ. ಕೊಟ್ಟ ಮಾತನ್ನು ಇವನು ಉಳಿಸಿಕೊಳ್ಳಲಿಲ್ಲ.