ಹೆಬ್ಬೆರಳಿನ ಹಿಂದೆ ಶನಿ

ತಾರಾಲಯದಲ್ಲಿ ಪಾಠ ಹೇಳುತ್ತಿದ್ದ ಹೆಬ್ಬೆರಳು ಮೇಷ್ಟ್ರ ದನಿಗೆ ಚಂದ್ರನೂ ಒಂದು ಗೇಣು ಹಿಂದೆ ಸರಿಯುತ್ತಿದ್ದ. ಸುಳ್ಳೆನ್ನುವವರು ಚಂದ್ರನನ್ನೇ ಕೇಳಲಿ. ಅವರು ಕೈ ಚಾಚಿ ಹೆಬ್ಬೆರಳು ಎತ್ತಿದರೆ ಕೀಟಲೆಯಲ್ಲಿ ಪದವಿ ಪಡೆದ ಮಕ್ಕಳೂ ಬಾಯಿಗೆ ಬೀಗ ಹಾಕುತ್ತಿದ್ದವು. ಬಲಗಣ್ಣು ಮುಚ್ಚಿ ನೋಡಿದರೆ ಬೆರಳು ಎದುರು ಗೋಡೆಯ ಗಡಿಯಾರದ ಮೇಲೆ. ಎಡಗಣ್ಣು ಮುಚ್ಚಿ ನೋಡಿದರೆ ಪಕ್ಕದ ಮೊಳೆಗೆ ತೂಗುಹಾಕಿದ ಕಾಗದದ ಶನಿಗ್ರಹದ ಮೇಲೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ದೊಡ್ಡದು, ದೂರ ಹೋದಷ್ಟೂ ಚಿಕ್ಕದು. ನಕ್ಷತ್ರದ ಜಿಗಿತ ಅಳೆದರೆ ಅದರ ದೂರ ಕೈಗೆ ಸಿಕ್ಕಂತೆ.

ಆದರೆ ಮೇಷ್ಟ್ರ ಬಲಗಣ್ಣು ಕೆಟ್ಟು ಕೂತು ವರ್ಷವಾಗಿತ್ತು. ಮಕ್ಕಳನ್ನು ದೂರದರ್ಶಕವಿರುವ ಗೋಪುರದ ಕಬ್ಬಿಣದ ಏಣಿ ಹತ್ತಿಸುವವರಿಗೆ ಎರಡೂ ಕಣ್ಣು ಸರಿಯಿರಬೇಕೆಂಬುದು ಅಲ್ಲಿನ ನಿಯಮ. ಗೊತ್ತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮೇಷ್ಟ್ರು ಬರೀ ಮಾವ, ಅದೂ ಅಳಿಯನ ಮನೆಯಲ್ಲಿ. ಹಾಗಾಗಿ ಶನಿಯ ಜಾಗವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕಣ್ಣೆದುರು ಕಗ್ಗತ್ತಲು, ಬಾಯಲ್ಲಿ ಶನಿ.

ಅಳಿಯ ಅದೇ ತಾರಾಲಯದಲ್ಲಿ ಸಹಾಯಕ. ಮಾವನ ಕುರ್ಚಿಯನ್ನು ಅವನು ದಿಟ್ಟಿಸುತ್ತಿದ್ದ ಪರಿಗೆ ಕುರ್ಚಿಗೆ ತೂತು ಬೀಳುವುದೊಂದೇ ಬಾಕಿ. ಮಾವ ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುವುದನ್ನು ಮನೆಯಲ್ಲಿ ಕಂಡು ಹೆಂಡತಿಯನ್ನು ಕೇಳಿದ. ಅಪ್ಪ ಆಣೆ ಹಾಕಿಸಿಕೊಂಡು ಹೇಳಿದ್ದ ಗುಟ್ಟನ್ನು ಮಗಳು ಬಟ್ಟೆ ಮಡಿಸುತ್ತಲೇ ಹೇಳಿಬಿಟ್ಟಳು.

ತಾರಾಲಯದ ನಿರ್ದೇಶಕರು ಪಾಠ ನೋಡಲು ಬಂದ ದಿನ, ಮೇಷ್ಟ್ರು ಎಡಗಣ್ಣು ಮುಚ್ಚಿದ್ದೇ ತಡ, ಅಳಿಯ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಶನಿಯನ್ನು ಮೊಳೆಯಿಂದ ಕಳಚಿದ.

“ಈಗ ನೋಡಿ ಮಕ್ಕಳೇ, ಬೆರಳು ಶನಿ ಮೇಲೆ ಕೂತಿದೆ. ಎರಡೂ ಕಡೆ ಉಂಗುರ ಇಣುಕ್ತಿದೆ.”

ಮಕ್ಕಳ ನಗೆಗೆ ಛಾವಣಿ ಹಾರಿ ಪಕ್ಕದೂರಲ್ಲಿ ಬಿತ್ತು. ಮೆಚ್ಚಿದರೆಂದುಕೊಂಡ ಮೇಷ್ಟ್ರು ಎದೆಯುಬ್ಬಿಸಿ, ಉಂಗುರದ ಬಣ್ಣವನ್ನೂ ವರ್ಣಿಸತೊಡಗಿದರು.

“ಮಾವ, ಶನಿ ನನ್ನ ಕಂಕುಳಲ್ಲಿದೆ,” ಅಂದ ಅಳಿಯ, ಬಲು ಮರ್ಯಾದೆಯಿಂದ.

ಮೇಷ್ಟ್ರು ಕಣ್ಣು ತೆರೆದರು. ಬೆವರು ಹೊಳೆಯಾಗಿ ಹರಿದರೂ ಪಾಠ ಬಿಡಲಿಲ್ಲ. ನಿರ್ದೇಶಕರತ್ತ ತಿರುಗಿ, “ನಕ್ಷತ್ರಕ್ಕೆ ಒಂದೇ ಕಣ್ಣು ಸಾಕು ಸಾರ್. ಇವತ್ತು ನೋಡಿ, ಆರು ತಿಂಗಳು ಬಿಟ್ಟು ಮತ್ತೆ ನೋಡಿದ್ರಾಯ್ತು. ಅಷ್ಟರಲ್ಲಿ ಭೂಮಿನೇ ನಮ್ಮನ್ನ ಸೂರ್ಯನ ಆ ಕಡೆಗೆ ಹೊತ್ಕೊಂಡು ಹೋಗಿರುತ್ತೆ. ಅದೇ ನಮ್ಮ ಎರಡನೇ ಕಣ್ಣು,” ಅಂದರು.

“ಹಾಗಾದ್ರೆ ಆರು ತಿಂಗಳು ಬಿಟ್ಟು ಬನ್ನಿ. ಆ ಕಡೆಯಿಂದ ನಿಮ್ಮನ್ನ ಮತ್ತೆ ನೋಡೋಣ,” ಅಂದರು ನಿರ್ದೇಶಕರು.

ಜನ್ಮವಿಡೀ ಆರು ತಿಂಗಳ ಲೆಕ್ಕ ಹೇಳಿದ ಮನುಷ್ಯ ಅದನ್ನು ನಂಬಿಬಿಟ್ಟರು. ಭೂಮಿ ಆ ಕಡೆ ತಲುಪಿದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಬಾಗಿಲಲ್ಲಿ ಎದುರಾದ ನಿರ್ದೇಶಕರು ಗುರುತು ಹಿಡಿಯದೆ, ಟಿಕೆಟ್ ಅಲ್ಲಿ ಕೊಡುತ್ತಾರೆಂದು ಕೈ ತೋರಿಸಿದರು. ಮೇಷ್ಟ್ರು ಟಿಕೆಟ್ ಕೊಂಡು ಹಿಂದಿನ ಸಾಲಲ್ಲಿ ಕೂತರು.

ವೇದಿಕೆಯ ಮೇಲೆ ಅಳಿಯ. “ಭೂಮಿನೇ ನಮ್ಮ ಎರಡನೇ ಕಣ್ಣು,” ಅಂದ, ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಅವನಿಗೆ ಮಾವ ಕಂಡರು.

“ಹಿಂದೆ ತಿರುಗಿ ಮಕ್ಕಳೇ. ಅಲ್ಲಿ ಕೂತಿರೋ ಅಜ್ಜನ ಮುಖಕ್ಕೆ ಹೆಬ್ಬೆರಳು ಹಿಡೀರಿ, ಒಂದು ಕಣ್ಣು ಮುಚ್ಚಿ. ಅಜ್ಜ ಮಾಯ. ಈಗ ಇನ್ನೊಂದು ಕಣ್ಣು. ಬಂದ್ರಾ ಅಜ್ಜ?”

ಬಂದ್ರು, ಎಂದು ಸಭಾಂಗಣವೆಲ್ಲ ಕೂಗಿತು. ಮಾಯ, ಬಂದ್ರು, ಮಾಯ, ಬಂದ್ರು.

ಮೇಷ್ಟ್ರೂ ತಮ್ಮ ಹೆಬ್ಬೆರಳು ಎತ್ತಿದರು. ಅದು ಒಂದು ಕೂದಲೆಳೆಯಷ್ಟೂ ಜಿಗಿಯಲಿಲ್ಲ. ಅಳಿಯನ ಮುಖ ಅದರ ಹಿಂದೆ ಪೂರ್ತಿ ಮುಚ್ಚಿಹೋಯಿತು. ಮಾತು ಮಾತ್ರ ಕೇಳುತ್ತಲೇ ಇತ್ತು.